ಎಲ್ಲವೂ ಸೇರಿದ ಹೋಟೆಲಿನಲ್ಲಿ ಎರಡು ಅಡಿಕೆ

ಸಾಗರ

ಭಕ್ಷೀಸು ಎಂಬುದೊಂದು ಶಾಸ್ತ್ರ. ಅದಕ್ಕೆ ಸೂತ್ರಕಾರರು ಇಲ್ಲ, ಭಾಷ್ಯಕಾರರು ಮಾತ್ರ ಬೇಕಾದಷ್ಟಿದ್ದಾರೆ. ನಾನೂ ನನ್ನ ಹೆಂಡತಿ ಗಿರಿಜಳೂ ಪರದೇಶಕ್ಕೆ ಹೊರಟಿದ್ದೇವೆಂಬ ಸುದ್ದಿ ಸಾಗರದ ಪೇಟೆಯಲ್ಲಿ ಹಬ್ಬಿದ ಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ನಮ್ಮ ಜಗುಲಿ ಹತ್ತಿದರು. ಮುಖ್ಯರಾದವರು ತೀರ್ಥಹಳ್ಳಿಯಲ್ಲಿರುವ ನನ್ನ ಷಡ್ಡಕ ರಾಮಪ್ಪನವರು. ಹಿಂದೊಮ್ಮೆ ಹಡಗಿನಲ್ಲಿ ಏಡನ್ನಿನವರೆಗೆ ಹೋಗಿ, ಹೊಟ್ಟೆ ತೊಳಸಿ, ಅಲ್ಲಿಂದಲೇ ಹಿಂದಿರುಗಿದ್ದರಿಂದ ಪಶ್ಚಿಮ ದೇಶಗಳ ಬಗ್ಗೆ ಮಾತಾಡುವ ಅಧಿಕಾರ ನಮ್ಮ ನೆಂಟರಿಷ್ಟರಲ್ಲಿ ಅವರೊಬ್ಬರಿಗೇ ಇತ್ತು.

"ಅಲ್ಲಿ ಬಾಗಿಲು ತೆಗೆದವನಿಗೂ ಕೊಡ್ಬೇಕು, ಮುಚ್ಚಿದವನಿಗೂ ಕೊಡ್ಬೇಕು ಮಾರಾಯ. ಕೊಡದೆ ಹೋದ್ರೆ ಒಂದು ನೋಟ ನೋಡ್ತಾರೆ. ಆ ನೋಟ ತೀರ್ಥಹಳ್ಳಿವರೆಗೂ ಹಿಂದೆ ಬರ್ತದೆ," ಎಂದರು.

ನಮ್ಮನ್ನು ಕರೆಸಿಕೊಂಡವರು ಇಕ್ಕೇರಿ ಸಾಹೇಬರು. ಅದು ಅವರ ಹೆಸರಲ್ಲ, ಸಾಗರದವರು ಕೊಟ್ಟ ಬಿರುದು. ಇಕ್ಕೇರಿಯ ದೇವಸ್ಥಾನದ ಕಂಬಗಳನ್ನು ಅಳೆಯಲು ಬಂದ ಈ ಬಿಳಿಯ ಪ್ರೊಫೆಸರು ಕೆಲವು ತಿಂಗಳು ನಮ್ಮ ಮನೆಯ ಮೆತ್ತಿನ ಮೇಲೆ, ಮಹಡಿಯ ಕೋಣೆಯಲ್ಲಿದ್ದರು. ಮಲೇರಿಯಾ ಹಿಡಿದಾಗ ಗಿರಿಜ ಗಂಜಿ ಕೊಟ್ಟು ಬದುಕಿಸಿದಳು. ಊರಿಗೆ ಮರಳಿದವರು ಆ ಗಂಜಿಯನ್ನು ಮರೆಯಲಿಲ್ಲ. ತಮ್ಮ ದೇಶದ ಬೆಟ್ಟದ ಸೀಮೆಯಲ್ಲಿ, ಒಂದು ಸರೋವರದ ದಂಡೆಯ ಹೋಟೆಲಿನಲ್ಲಿ ನಮಗಾಗಿ ಕೋಣೆ ಹಿಡಿದು, ವಿಮಾನದ ಟಿಕೇಟನ್ನೂ ಕಳಿಸಿದರು. ನಾನು ವೃತ್ತಿಯಿಂದ ವಕೀಲ. ಪುಕ್ಕಟೆ ಬಂದದ್ದನ್ನು ಅನುಮಾನಿಸುವುದು ನನ್ನ ಅಭ್ಯಾಸ. ಆದರೆ ಟಿಕೇಟಿನಲ್ಲಿ ದೋಷ ಕಾಣಲಿಲ್ಲ. ಇದ್ದ ತೊಡಕು ಒಂದೇ. ನಮ್ಮ ಸರ್ಕಾರ ಆಗ ಪರದೇಶಕ್ಕೆ ಹೋಗುವವರ ಕೈಗೆ ಕೊಡುತ್ತಿದ್ದ ಹಣವನ್ನು ನೋಡಿದರೆ, ರಾಮಪ್ಪನವರ ಶಾಸ್ತ್ರದ ಪ್ರಕಾರ ಬಾಗಿಲು ತೆಗೆದವನಿಗೆ ಸಾಕಾಗುತ್ತಿತ್ತು, ಮುಚ್ಚಿದವನಿಗೆ ಸಾಲುತ್ತಿರಲಿಲ್ಲ.

ಗಿರಿಜಳಿಗೆ ಇದಾವುದರ ಮೇಲೂ ಮನಸ್ಸಿರಲಿಲ್ಲ. ಅವಳ ತವರು ಹೊಸನಗರದ ಕಡೆ, ಶರಾವತಿಯ ಹೊಳೆಬದಿಯಲ್ಲಿ. ಲಿಂಗನಮಕ್ಕಿಯ ಅಣೆಕಟ್ಟಿನ ನೀರು ಆ ವರ್ಷದ ಮಳೆಗಾಲದಲ್ಲಿ ಅವರ ಗದ್ದೆಗೂ, ಅಂಗಳಕ್ಕೂ ಬಂತು. ಅವಳ ತಮ್ಮ ಮಂಜಪ್ಪ ಹೆಂಡತಿ ಮಕ್ಕಳೊಂದಿಗೆ ಗುಡ್ಡದ ಮೇಲಿನ ಹೊಸ ಜಾಗಕ್ಕೆ ಹೋಗಿದ್ದ. ಆದರೆ ಅವರ ಚೌಡಿ ಹೋಗಿರಲಿಲ್ಲ.

ಚೌಡಿಯೆಂದರೆ ಮರದ ಬುಡದಲ್ಲಿ ಕಲ್ಲಾಗಿ ಕುಳಿತು ಮನೆ, ದನ, ಬೆಳೆ ಕಾಯುವ ತಾಯಿ. ಜಾಗ ಬಿಡುವಾಗ ಅವಳನ್ನೂ ಕರೆಯಬೇಕು. ಕಲ್ಲಿನ ಮುಂದೆ ಎರಡು ಅಡಿಕೆಯಿಟ್ಟು "ಬಾ ತಾಯಿ, ನಮ್ಮ ಜೊತೆ ಬಾ" ಎನ್ನಬೇಕು. ಮಾರನೆಯ ಬೆಳಿಗ್ಗೆ ಅಡಿಕೆ ಅಲ್ಲಿಲ್ಲದಿದ್ದರೆ ಅವಳು ಒಪ್ಪಿದಳು ಎಂದರ್ಥ. ಯಾರು ಒಯ್ದರು ಎಂದು ವಿಚಾರಿಸಕೂಡದು. ಮಂಜಪ್ಪ ಕರೆದ. ಬೆಳಿಗ್ಗೆ ಅಡಿಕೆ ಇಟ್ಟಲ್ಲೇ ಇತ್ತು. ಒಂದು ಬಾಯಿ ಎರಡು ಸಲ ಕರೆಯುವಂತಿಲ್ಲ. ಮನೆಮಗಳು ಕರೆದರೆ ಬಂದಾಳು ಎಂದು ಹಿರಿಯರು ಯೋಚಿಸಿ ಹೇಳುವಷ್ಟರಲ್ಲಿ ಕಲ್ಲಿನ ಮೇಲೆ ನೀರು ನಿಂತಿತ್ತು. ಹೊಸ ಜಾಗದಲ್ಲಿ ಗೋಡೆ ಎದ್ದಿತ್ತು, ಸೂರು ಬಾಕಿಯಿತ್ತು. ಚೌಡಿ ಬಾರದೆ ಮನೆಗೆ ಮಾಡು ಹೊದಿಸುವುದಿಲ್ಲವೆಂದು ಮಂಜಪ್ಪ ಹಟ ಹಿಡಿದ. ಇಡೀ ಮಳೆಗಾಲ ಆ ಸಂಸಾರ ಸೋಗೆಯ ಗುಡಿಸಲಲ್ಲಿ ನೆನೆಯಿತು.

ನಾನು ಕಾನೂನು ಹೇಳಲು ಹೋಗಿ ಬೈಸಿಕೊಂಡು ಬಂದಿದ್ದೆ. "ಭಾವ, ಕೋರ್ಟಿನಾಗೆ ನೀವು ದೊಡ್ಡೋರು. ಇದು ಆ ತಾಯಿ ಕೋರ್ಟು," ಎಂದಿದ್ದ.

ಹೊರಡುವ ದಿನ ಗಿರಿಜ ಸೆರಗಿನ ಗಂಟಿನಲ್ಲಿ ಒಂದಿಷ್ಟು ಅಡಿಕೆ ಕಟ್ಟಿಕೊಂಡಳು. ತವರಿನ ತೋಟ ಮುಳುಗುವ ಮುಂಚಿನ ಕಡೆಯ ಕೊಯ್ಲಿನದು. ಊಟವಾದ ಮೇಲೆ ಬಾಯಿಗೆ ಬೇಕಾಗುತ್ತದೆ ಎಂದಳು.

ಬೊಂಬಾಯಿ

ಬೊಂಬಾಯಿಯ ಹೋಟೆಲಿನಲ್ಲಿ ಬಿಳಿಯ ಉಡುಪಿನ ಗಂಭೀರ ವ್ಯಕ್ತಿಯೊಬ್ಬರು ನಮಗಾಗಿ ಬಾಗಿಲು ಹಿಡಿದು ನಿಂತರು. ಷಡ್ಡಕರ ಉಪದೇಶವನ್ನು ಸ್ಮರಿಸಿ ನಾನು ಅವರ ಅಂಗೈಗೆ ನಾಣ್ಯವನ್ನಿಟ್ಟೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಜೇಬಿಗೆ ಹಾಕಿಕೊಂಡರು. ಊಟದ ಹೊತ್ತಿಗೆ ಅವರು ಪಕ್ಕದ ಮೇಜಿನಲ್ಲಿ ಸಂಸಾರಸಮೇತ ಕುಳಿತಿದ್ದರು. ನಮ್ಮಂತೆಯೇ ಹೋಟೆಲಿಗೆ ಇಳಿದವರು. ನಾಣ್ಯವನ್ನು ಮಾತ್ರ ಹಿಂದಿರುಗಿಸಲಿಲ್ಲ.

ಸಾಹೇಬರ ದೇಶದ ವಿಮಾನ ನಿಲ್ದಾಣದಲ್ಲಿ ಸುಂಕದವನು ಅಡಿಕೆಯ ಗಂಟು ಬಿಚ್ಚಿಸಿದ. ಒಂದನ್ನು ಮೂಸಿದ, ಮೇಜಿಗೆ ಕುಟ್ಟಿದ, ಇಂಗ್ಲಿಷಿನಲ್ಲಿ ಕೇಳಿದ: ನೆಡುವುದಕ್ಕೋ? ಅಲ್ಲ, ಅಗಿಯುವುದಕ್ಕೆ. ಅಗಿದು? ಉಗಿಯುವುದಕ್ಕೆ. ಅವನು ಬಹಳ ಕನಿಕರದಿಂದ ಗಂಟನ್ನು ಮತ್ತೆ ಕಟ್ಟಿಕೊಟ್ಟ.

ಸರೋವರದ ಹೋಟೆಲು

ಹೋಟೆಲಿನ ಮೊಗಸಾಲೆಯಲ್ಲಿ ಚೌಕಟ್ಟು ಹಾಕಿದ ಒಂದು ಬೋರ್ಡಿತ್ತು. ಅದನ್ನು ಸಾಹೇಬರು ಓದಿ ಹೇಳಿದರು. ಸಾಹೇಬರು ಕನ್ನಡ ಕಲಿತದ್ದು ಸಾಗರದ ಸಂತೆಯಲ್ಲಿ, ಇಕ್ಕೇರಿಯ ಕೂಲಿಯವರ ನಡುವೆ. ಪಂಡಿತರ ಗಾಳಿ ಸೋಕಿದ ಕನ್ನಡವಲ್ಲ.

"ಇಲ್ಲಿ ಎಲ್ಲ ಸೇರಿದೆ ಮಾರಾಯ್ರೆ. ಊಟ, ಹಾಸಿಗೆ, ದೋಣಿ, ಬಿಸಿನೀರು. ಕೆಲಸದವರಿಗೆ ಎಂತದೂ ಕೊಡ್ಲಿಕ್ಕಿಲ್ಲ. ತಗೊಂಡ್ರೆ ಅವರ ಕೆಲಸ ಹೋಗ್ತದೆ. ಹಾಗಂತ ಬರೆದಿದ್ದಾರೆ."

ನನ್ನ ಎದೆಯ ಭಾರ ಇಳಿಯಿತು. ಭಕ್ಷೀಸಿನ ಶಾಸ್ತ್ರವನ್ನು ಒಂದೇ ಬೋರ್ಡಿನಲ್ಲಿ ರದ್ದುಮಾಡಿದ ಆ ಮಹಾನುಭಾವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಗಿರಿಜ ಬೋರ್ಡನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು.

ಸುತ್ತ ಬೆಟ್ಟ, ನಡುವೆ ಕದಲದ ನೀರು. ಆ ನೀರಿನಿಂದ ಕ್ರೈಸ್ತರ ಇಗರ್ಜಿಯೊಂದರ ಗೋಪುರ ಎದ್ದು ನಿಂತಿತ್ತು. ಗೋಪುರ ಮಾತ್ರ. ಅದರ ಕೆಳಗೆ ಇರಬೇಕಾದ ಇಗರ್ಜಿ ಇರಲಿಲ್ಲ.

"ಅದೆಂತ ಅಲ್ಲಿ?" ಎಂದಳು.

ಸಾಹೇಬರು ಗೋಪುರದ ಕಡೆ ಬೆರಳು ತೋರಿಸಿ, "ಅಲ್ಲೊಂದು ಊರಿತ್ತು ಅಮ್ಮ. ಕರೆಂಟಿಗೆ ಅಂತ ಕಟ್ಟೆ ಕಟ್ಟಿದ್ರು. ನಿಮ್ಮಲ್ಲಿಯ ಹಾಗೇ," ಎಂದರು. ಅವಳ ತವರಿನ ಕಥೆ ಅವರಿಗೆ ಗೊತ್ತಿರಲಿಲ್ಲ.

"ಊರವರು ದೇವ್ರನ್ನ ಕರ್ಕೊಂಡು ಹೋದ್ರಾ?"

"ಗಂಟೆ ಇಳಿಸಿ ತಗೊಂಡು ಹೋದ್ರು. ದೇವರ ವಿಷಯ ನಂಗೆ ಗೊತ್ತಿಲ್ಲ."

ನಮ್ಮ ಕೋಣೆಯ ಕಿಟಕಿಯೂ ನೀರಿನ ಕಡೆಗೇ ತೆರೆದಿತ್ತು. ಇಷ್ಟು ದೂರ ಬಂದು ನೀರನ್ನು ನೋಡುತ್ತ ಕೂರುವ ಬದಲು ಹೊಸನಗರಕ್ಕೇ ಬಸ್ಸು ಹತ್ತಬಹುದಿತ್ತು ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಅದು ತಮಾಷೆಯಾಗಿರಲೂ ಇಲ್ಲ.

ಕೋಣೆ

ಆ ಹೋಟೆಲಿನ ಸೇವೆಯ ಬಗ್ಗೆ ದೂರು ಹೇಳುವಂತಿರಲಿಲ್ಲ. ದೂರು ಹೇಳೋಣವೆಂದರೆ ಯಾರೂ ಸಿಗುತ್ತಿರಲಿಲ್ಲ. ಊಟದ ಮನೆಯಲ್ಲಿ ಮಾಣಿಗಳಿದ್ದರು, ನಿಜ. ಬ್ರೆಡ್ಡು, ಬೆಣ್ಣೆ, ಬೇಯಿಸಿದ ಆಲೂಗಡ್ಡೆಗಳನ್ನು ಹಿಂಡುಹಿಂಡಾಗಿ ತಂದು ನಮ್ಮ ಮೇಲೆ ಹರಿಸುತ್ತಿದ್ದರು. ಆದರೆ ಕೋಣೆಯ ಕೆಲಸ ಮಾಡುವವರನ್ನು ನಾವು ಕಂಡೇ ಇಲ್ಲ. ನಾವು ಇಳಿದು ಹೋಗಿ ಹತ್ತಿ ಬರುವಷ್ಟರಲ್ಲಿ ಹಾಸಿಗೆ ಹೊದಿಸಿರುತ್ತಿತ್ತು, ಹೂಜಿಯಲ್ಲಿ ನೀರು ತುಂಬಿರುತ್ತಿತ್ತು. ಮೆಟ್ಟಿಲಲ್ಲಿ ಯಾರೂ ಎದುರಾಗುತ್ತಿರಲಿಲ್ಲ, ಬಾಗಿಲು ಸದ್ದು ಮಾಡುತ್ತಿರಲಿಲ್ಲ. ಹಲಗೆಯ ನೆಲದ ಮೇಲೆ ಕಿಟಕಿಯಿಂದ ಹಾಸಿಗೆಯವರೆಗೆ ಅಲ್ಲಲ್ಲಿ ಒದ್ದೆ ಮಾತ್ರ ಇರುತ್ತಿತ್ತು. ನೆಲ ಒರೆಸಿದ್ದೆಂದು ನಾನು ತೀರ್ಮಾನಿಸಿದೆ. ಒರೆಸುವವರು ಹೆಜ್ಜೆಯ ಅಗಲಕ್ಕೆ ಬಿಟ್ಟು ಬಿಟ್ಟು ಏಕೆ ಒರೆಸುತ್ತಾರೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿಲ್ಲ.

ಗಿರಿಜ ಬಿಚ್ಚಿಟ್ಟ ಸೀರೆ ಮಡಿಕೆಯಾಗಿರುತ್ತಿತ್ತು. ಆ ಸೀಮೆಯಲ್ಲಿ ಸೀರೆ ಕಂಡ ಹೆಂಗಸು ಇನ್ನೊಬ್ಬಳಿರಲಾರಳು. ಆದರೂ ಮಡಿಕೆ ಗಿರಿಜಳ ಅಮ್ಮನ ಕೈಯದ್ದಂತೆ, ಸೆರಗು ಒಳಗೆ ಹೋಗಿ ಅಂಚು ಮೇಲೆ ಬಂದಿರುತ್ತಿತ್ತು. ಊಟಕ್ಕೆ ಬರಿಗಾಲಲ್ಲೇ ಇಳಿಯುವ ಅಭ್ಯಾಸದಿಂದ ಬಾಗಿಲ ಬಳಿ ನಾವು ಅಡ್ಡಾದಿಡ್ಡಿ ಕಳಚಿದ ಚಪ್ಪಲಿಗಳನ್ನು ಯಾರೋ ಒರೆಸಿ, ಹಿಮ್ಮಡಿಗೆ ಹಿಮ್ಮಡಿ ತಾಗಿಸಿ, ತುದಿಯನ್ನು ಕಿಟಕಿಯತ್ತ ತಿರುಗಿಸಿ ಇಡುತ್ತಿದ್ದರು. ಬಾಗಿಲತ್ತ ಅಲ್ಲ, ಕಿಟಕಿಯತ್ತ, ನೀರಿನ ಕಡೆ. ನಾನು ಮತ್ತೆ ಸರಿಮಾಡಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಹಾಗೆಯೇ.

ಗಿರಿಜ ಒಂದು ಮಧ್ಯಾಹ್ನ ಹಾಸಿಗೆಯ ಮೇಲೆ ಕೂತು ಯೋಚಿಸಿ ಹೇಳಿದಳು:

"ನಮ್ಮ ಕಡೆ ಕಾಣದೆ ಇದ್ದವರಿಗೆ ನಾವು ಎಡೆ ಇಟ್ಟು ಬರ್ತೀವಿ. ಹಿಂದೆ ನೋಡದೆ ಬರ್ತೀವಿ. ಇಲ್ಲಿ ಕಾಣದೆ ಇದ್ದವರು ನಮಗೆ ಇಟ್ಟು ಹೋಗ್ತಿದಾರೆ."

"ಹಾಗಾದ್ರೆ?"

"ಹಾಗಾದ್ರೆ ನಾವು ಯಾರು?"

ಆ ಮಧ್ಯಾಹ್ನ ನಿದ್ದೆ ಬರಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಇತ್ತು.

ಮಾರನೆಯ ದಿನ ಊಟಕ್ಕೆ ಇಳಿಯುವ ಮುಂಚೆ ಅವಳು ಸೆರಗಿನ ಗಂಟು ಬಿಚ್ಚಿ ಎರಡು ಅಡಿಕೆ ತೆಗೆದಳು.

"ಕೊಡ್ಬಾರ್ದು ಅಂತ ಬೋರ್ಡಿದೆ," ಎಂದೆ.

"ಬೋರ್ಡು ದುಡ್ಡಿಗೆ. ದಿನಾ ಮಾಡಿಸ್ಕೊಂಡು ಬರೀ ಕೈಯಲ್ಲಿ ಹೋದ್ರೆ ಋಣ ಉಳೀತದೆ."

ಕಿಟಕಿಯ ಕಟ್ಟೆಯ ಮೇಲೆ ಅಡಿಕೆಯಿಟ್ಟು, ಕುಂಕುಮ ಮುಟ್ಟಿಸಿ, ಅವಳು ಏನೋ ಪಿಸುಗುಟ್ಟಿದಳು. ಆಮೇಲೆ ತಾನೇ ಬೆಚ್ಚಿದವಳಂತೆ ಬಾಯಿಗೆ ಕೈಯಿಟ್ಟುಕೊಂಡಳು.

"ಏನಂದೆ?"

"'ತಗೊಳ್ಳಮ್ಮ' ಅನ್ನೋಣ ಅಂತಿದ್ದೆ. ಆ ನೀರು ನೋಡ್ತಾ ಬಾಯಿಗೆ ಬೇರೆ ಬಂತು."

"ಏನು ಬಂತು?"

"'ಬಾ ತಾಯಿ, ನಮ್ಮ ಜೊತೆ ಬಾ.'"

ನಾವು ಆಲೂಗಡ್ಡೆ ತಿಂದು ಬಂದಾಗ ಅಡಿಕೆ ಇರಲಿಲ್ಲ. ಇಟ್ಟ ಜಾಗದಲ್ಲಿ ಅಡಿಕೆಯಷ್ಟಗಲದ ಎರಡು ಒದ್ದೆಯ ಗುರುತು ಇದ್ದವು. ಗಿರಿಜ ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ. "ಯಾರು ಒಯ್ದ್ರು ಅಂತ ಕೇಳ್ಬೇಡಿ," ಎಂದಳು, ಅಷ್ಟೆ.

ಮೆಟ್ಟಿಲು

ನಾನು ಕೇಳದಿದ್ದರೂ ಉತ್ತರ ತಾನಾಗಿ ಬಂತು. ಹೊರಡುವ ದಿನ ಬೆಳಿಗ್ಗೆ ಸಾಹೇಬರು ಕಾರು ತಂದು, ನಮ್ಮ ಪೆಟ್ಟಿಗೆಗಳನ್ನು ಇಡಿಸುತ್ತಿದ್ದರು. ಹೋಟೆಲಿನ ಮುಂದಿನ ಮೆಟ್ಟಿಲ ಮೇಲೆ ಕಪ್ಪು ಉಡುಪಿನ ಮುದುಕಿಯೊಬ್ಬಳು ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಮುಖ ಸುಕ್ಕಾಗಿರಲಿಲ್ಲ; ಬಹಳ ಹೊತ್ತು ನೀರಲ್ಲಿದ್ದ ಅಂಗೈಯಂತೆ ನವುರಾಗಿ, ಬಿಳುಚಿತ್ತು. ಅವಳು ಗಿರಿಜಳನ್ನು ನೋಡಿ ಏನೋ ಕೇಳಿದಳು.

ಸಾಹೇಬರು ಅವಳೊಂದಿಗೆ ಮಾತಾಡಿ ನಮ್ಮತ್ತ ತಿರುಗಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ತಮಾಷೆಯಿರಲಿಲ್ಲ.

"ಇವಳು ಮಾರ್ತಾ. ನಿಮ್ಮ ಕೋಣೆ ಕೆಲಸದವಳು. ಹೊರಡೋದು ಈಗ್ಲೇನಾ ಅಂತ ಕೇಳ್ತಾಳೆ."

"ನಾವು ಹೊರಟಿದ್ದೇವಲ್ಲ," ಎಂದೆ.

"ನೀವಲ್ಲ. ಅವಳು."

ಮುದುಕಿ ಅಂಗೈ ಬಿಚ್ಚಿ ತೋರಿಸಿದಳು. ಎರಡು ಅಡಿಕೆ.

ಸಾಹೇಬರು ಬಿಡಿಸಿ ಹೇಳಿದರು. ನೀರಡಿಯ ಆ ಊರು ಮಾರ್ತಾಳ ಊರು. ಅಲ್ಲಿ ಮನೆವಾರ್ತೆಗೆ ಹೆಂಗಸು ಬೇಕಾದರೆ ಮನೆಯೊಡತಿ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತನ್ನ ಮರದ್ದೇ ಎರಡು ಕಾಯಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ತೆಗೆದುಕೊಂಡವಳು ಅಂದಿನಿಂದ ಆ ಮನೆಯವಳು. ಇಟ್ಟವಳು ವಾಪಸು ಕೇಳುವಂತಿಲ್ಲ, ತೆಗೆದುಕೊಂಡವಳು ಹಿಂದೆ ಸರಿಯುವಂತಿಲ್ಲ.

"ಊರು ಹೋಯ್ತು, ಪದ್ಧತಿನೂ ಹೋಯ್ತು. ಆಮೇಲೆ ಯಾರೂ ಅವಳಿಗೆ ಕಾಯಿ ಇಟ್ಟಿಲ್ಲ ಮಾರಾಯ್ರೆ. ನೀವೇ ಮೊದಲು."

ನಮ್ಮಲ್ಲಿ ವೀಳ್ಯ ಕೊಟ್ಟು ಕರೆದಂತೆಯೇ. ನಾನು ಸಾಹೇಬರತ್ತ ತಿರುಗಿ, ಇದು ಕೇವಲ ಭಕ್ಷೀಸು, ಇದರಲ್ಲಿ ಯಾವ ಕರಾರೂ ಇಲ್ಲ ಎಂದು ತಿಳಿಸಬೇಕಾಗಿ ಕೇಳಿಕೊಂಡೆ.

"ಭಕ್ಷೀಸು ಅಂದ್ರೆ ಬೋರ್ಡು ಇದೆಯಲ್ಲ. ಈಗ್ಲೇ ಕೆಲಸ ಹೋಗ್ತದೆ," ಎಂದು ಸಾಹೇಬರು ದನಿ ತಗ್ಗಿಸಿದರು. ಬಾಗಿಲಲ್ಲಿ ಮ್ಯಾನೇಜರು ಕೈಕಟ್ಟಿ ನಿಂತು ಕೇಳುತ್ತಿದ್ದ. "ಕರೆದದ್ದು ಅಂದ್ರೆ ನೀವು ಕರ್ಕೊಂಡು ಹೋಗ್ಬೇಕು. ಎಂತ ಹೇಳ್ಲಿ?"

ಇಷ್ಟು ಶುದ್ಧವಾದ ಅಡಕತ್ತರಿಯನ್ನು ನಾನು ಯಾವ ಮೊಕದ್ದಮೆಯಲ್ಲೂ ಕಂಡಿಲ್ಲ. ಭಕ್ಷೀಸು ಎಂದರೆ ಮುದುಕಿಯ ಅನ್ನ ಹೋಗುತ್ತದೆ. ಕರೆದದ್ದು ಎಂದರೆ ಅವಳೇ ಕಾರು ಹತ್ತುತ್ತಾಳೆ. ವಾಯಿದೆ ಕೇಳೋಣವೆಂದರೆ ಎದುರಿಗೆ ನ್ಯಾಯಾಧೀಶರಿರಲಿಲ್ಲ.

ಗಿರಿಜ ನನ್ನನ್ನು ದಾಟಿ ಮೆಟ್ಟಿಲು ಹತ್ತಿದಳು. "ಕರೆದದ್ದು ಹೌದು ಅಂತ ಹೇಳಿ," ಎಂದಳು.

ಸಾಹೇಬರು ಹೇಳಿದರು. ಮುದುಕಿ ತಲೆಯಾಡಿಸಿ ಮತ್ತೇನೋ ಕೇಳಿದಳು.

"ಮನೆ ಎಲ್ಲಿ ಅಂತಾಳೆ."

"ನಾನು ಹುಟ್ಟಿದ ಮನೆ ನೀರೊಳಗಿದೆ. ತಮ್ಮ ಮೇಲೆ ಗುಡ್ಡದಲ್ಲಿ ಗೋಡೆ ಎಬ್ಬಿಸಿ ಕೂತಿದಾನೆ. ಕಾಯೋರು ಯಾರೂ ಇಲ್ಲ ಅಂತ ಮಾಡು ಹಾಕಿಲ್ಲ."

ಆ ಕಥೆ ಸಾಹೇಬರ ಕಿವಿಗೆ ಬಿದ್ದದ್ದು ಆಗಲೇ ಮೊದಲು. ಗಿರಿಜಳನ್ನೇ ನೋಡುತ್ತ, ನಿಧಾನವಾಗಿ, ಮಾತು ಮಾತಿಗೂ ತಡೆಯುತ್ತ ಮುದುಕಿಗೆ ತಿಳಿಸಿದರು. ಮುದುಕಿ ಸರೋವರದ ಕಡೆ ತಿರುಗಿ, ಅಲ್ಲಿರುವ ಯಾರನ್ನೋ ಕೇಳಿ ತಿಳಿದುಕೊಳ್ಳುವವಳಂತೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಡಿಕೆಯನ್ನು ಉಡುಪಿನೊಳಕ್ಕೆ ಸೇರಿಸಿಕೊಂಡು ಎರಡು ಮಾತಾಡಿ, ಗಂಟು ಹಿಡಿದು ಮೆಟ್ಟಿಲಿಳಿದಳು. ಕಾರಿನ ಕಡೆಗಲ್ಲ. ದಂಡೆಯ ಕಡೆಗೆ.

"ಎಂತ ಅಂದಳು?" ಎಂದು ಗಿರಿಜ ಕೇಳಿದಳು.

ಸಾಹೇಬರು ಕಾರಿನ ಬಾಗಿಲು ತೆಗೆದರು. "ಕಾರು ಬೇಡ ಅಂದಳು. ಅಲ್ಲೂ ನೀರಿದ್ರೆ ದಾರಿ ಗೊತ್ತು ಅಂದಳು."

ಕಾರು ತಿರುವಿನಲ್ಲಿ ಹೊರಳುವಾಗ ನಾನು ಕತ್ತು ತಿರುಗಿಸಹೋದೆ. ಗಿರಿಜ ನನ್ನ ಮೊಣಕೈ ಹಿಡಿದಳು.

"ಹಿಂದೆ ನೋಡ್ಬೇಡಿ. ಕರ್ಕೊಂಡು ಹೋಗೋವಾಗ ನೋಡ್ಬಾರ್ದು."

ಆ ನಿಯಮವನ್ನು ಅವಳು ಬೊಂಬಾಯಿಯವರೆಗೂ, ಅಲ್ಲಿಂದ ಸಾಗರದವರೆಗೂ ಬಿಡದೆ ಪಾಲಿಸಿದಳು. ಹಿಂದೆ ನೋಡದೆ ಸಾಮಾನು ಸಾಗಿಸುವುದು ಎಷ್ಟು ಕಷ್ಟವೆಂಬುದು ಮಾಡಿ ನೋಡಿದವರಿಗೇ ಗೊತ್ತು. ಬೊಂಬಾಯಿಯಲ್ಲಿ ಸುಂಕದವನು ನಮ್ಮ ಹೆಗಲಾಚೆಗೆ ನೋಡಿ, "ನೀವಿಬ್ಬರೇನಾ?" ಎಂದು ಕೇಳಿದ. ಎಲ್ಲರಿಗೂ ಕೇಳುವ ಪ್ರಶ್ನೆಯಿರಬೇಕೆಂದು ಸಮಾಧಾನ ತಂದುಕೊಂಡೆ. ನಮ್ಮ ಮುಂದಿದ್ದವರಿಗೆ ಅವನು ಅದನ್ನು ಕೇಳಿರಲಿಲ್ಲ.

ಹೊಸನಗರದ ದಾರಿ

ಮಂಜಪ್ಪನ ಹೊಸ ಜಾಗಕ್ಕೆ ಬಸ್ಸಿಳಿದು ನಡೆಯಬೇಕು. ಕೆಂಪು ಧೂಳು ಮೊಣಕಾಲಿನವರೆಗೆ ಏರಿತ್ತು. ಗುಡ್ಡದ ನೆತ್ತಿಗೆ ಬಂದಾಗ ಕೆಳಗೆ ನೀರು ಕಂಡಿತು. ಗೋಪುರವಿಲ್ಲ, ಒಣಗಿದ ಮರದ ತುದಿಗಳು ಅಲ್ಲಲ್ಲಿ ನಿಂತಿದ್ದವು. ಮಾಡಿಲ್ಲದ ಮನೆಯ ಮುಂದೆ ಮಂಜಪ್ಪ ಕತ್ತಿ ಮಸೆಯುತ್ತಿದ್ದ.

"ಬಂದ್ರಾ ಭಾವ? ಬಿಳಿ ಆಗಿ ಬರ್ತೀರೇನೋ ಅಂದ್ಕಂಡಿದ್ದೆ, ಕೆಂಪಾಗಿದೀರಿ."

"ಮಾಡು ಹಾಕೋ ಆಚಾರಿ ಬಂದಿಲ್ವಾ?" ಎಂದು ಗಿರಿಜ ಕೇಳಿದಳು.

"ಆಚಾರಿ ಕರ್ದು ಎಂತ ಮಾಡ್ಲಿ ಅಕ್ಕ? ಕಟ್ಟೆ ಖಾಲಿ ಇದೆ. ಅಮ್ಮ ಇಲ್ಲದ ಜಾಗದಾಗೆ ಮಕ್ಕಳನ್ನ ಮಲಗಿಸ್ಲಾ?"

ಕಟ್ಟೆ ಇದ್ದದ್ದು ಹೊನ್ನೆಮರದ ಬುಡದಲ್ಲಿ. ಮಣ್ಣು ಮೆತ್ತಿ, ಗುಡಿಸಿ, ಚೌಡಿಗಾಗಿ ಕಾದಿರಿಸಿದ ಕಟ್ಟೆ. ಮೇಲೆ ಕಲ್ಲಿಲ್ಲ, ಏನೂ ಇಲ್ಲ. ನಾವು ಬರಿಗಾಲಲ್ಲಿ ಹತ್ತಿರ ಹೋಗಲು ದೂರದಲ್ಲೇ ಚಪ್ಪಲಿ ಕಳಚಿದೆವು. ನನ್ನದೊಂದು ಪೊದೆಯ ಕಡೆ, ಇನ್ನೊಂದು ಮಗುಚಿಕೊಂಡು. ಗಿರಿಜ ಗಂಟಿನಲ್ಲಿ ಉಳಿದಿದ್ದ ಎರಡು ಅಡಿಕೆಯನ್ನು ಕಟ್ಟೆಯ ಮೇಲಿಟ್ಟಳು. ಈ ಸಲ ಏನೂ ಹೇಳಲಿಲ್ಲ. ಹೇಳುವುದನ್ನು ಹೇಳಿಯಾಗಿದೆ ಎಂಬಂತೆ ಅಡ್ಡಬಿದ್ದಳು. ಮಂಜಪ್ಪನೂ ಅಡ್ಡಬಿದ್ದ. ಬಿಸಿಲು ಚೆನ್ನಾಗಿತ್ತು, ಹಕ್ಕಿಗಳು ಕೂಗುತ್ತಿದ್ದವು. ನಾನೂ ಮೊಣಕಾಲೂರಿದೆ, ಒಂಟಿಯಾಗಿ ನಿಂತಿರುವುದು ಸರಿಯೆನಿಸಲಿಲ್ಲ.

ಏಳುವಾಗ ಹಕ್ಕಿಗಳ ಕೂಗು ನಿಂತಿತ್ತು. ಮೊದಲು ತಿರುಗಿದವನು ಮಂಜಪ್ಪ. ತಿರುಗಿದವನು ಅಲ್ಲೇ ನಿಂತ.

"ಅಕ್ಕ," ಎಂದ. "ಚಪ್ಪಲಿ ಯಾರು ಜೋಡಿಸಿದ್ದು?"

ನನ್ನದೂ ಗಿರಿಜಳದೂ ಪಕ್ಕಪಕ್ಕದಲ್ಲಿದ್ದವು. ಹಿಮ್ಮಡಿಗೆ ಹಿಮ್ಮಡಿ ತಾಗಿತ್ತು. ತುದಿಗಳು ನೀರಿನ ಕಡೆಗಿರಲಿಲ್ಲ. ಮಾಡಿಲ್ಲದ ಮನೆಯ ಕಡೆಗೆ ತಿರುಗಿದ್ದವು. ಒಣ ಧೂಳಿನ ಮೇಲೆ, ಕೆಳಗಿನ ದಂಡೆಯಿಂದ ಅಲ್ಲಿಯವರೆಗೆ, ಹೆಜ್ಜೆಯ ಅಗಲಕ್ಕೆ ಬಿಟ್ಟು ಬಿಟ್ಟು ಒದ್ದೆಯಾಗಿತ್ತು.

ಗಿರಿಜ ಕಟ್ಟೆಯತ್ತ ತಿರುಗಿ ನೋಡಲಿಲ್ಲ. ಅಡಿಕೆ ಇದೆಯೋ ಇಲ್ಲವೋ ಎಂದು ನಾನೂ ನೋಡಲಿಲ್ಲ. ಮಂಜಪ್ಪ ಮುಖ ಒರೆಸಿಕೊಂಡು, ಗುಡಿಸಲ ಕಡೆಗೆ ನಡೆಯುತ್ತ ಹೆಂಡತಿಯನ್ನು ಕೂಗಿ ಹೇಳಿದ: "ಏ, ಇಲ್ ಕೇಳು. ನಾಳೆ ಆಚಾರಿ ಬರ್ತಾನೆ. ಅಕ್ಕಿ ಜಾಸ್ತಿ ಹಾಕು."

ಅವನು ದೂರ ಹೋಗುವವರೆಗೆ ಕಾದು ನಾನು ಹೆಂಡತಿಯನ್ನು ಕೇಳಿದೆ: "ಬಂದಿದ್ದು ಯಾರು? ನಿಮ್ಮವಳಾ, ಆ ಮಾರ್ತಾನಾ?"

"ಕರೆದವಳು ನಾನು. ಬಂದವಳನ್ನ 'ನೀನು ಯಾರು' ಅಂತ ಕೇಳೋದುಂಟಾ?"

ಚಪ್ಪಲಿಗೆ ಕಾಲು ತೂರಿಸಿದೆ. ತಣ್ಣಗಿತ್ತು. ಬಸ್ಸಿಳಿದಲ್ಲಿಂದ ಹತ್ತಿಕೊಂಡಿದ್ದ ಧೂಳು ಒಂದು ಕಣವೂ ಇಲ್ಲದಂತೆ ಒರೆಸಿ ಹೊಳಪು ಬಂದಿತ್ತು. ರಾಮಪ್ಪನವರ ಶಾಸ್ತ್ರದ ಪ್ರಕಾರ ಇದಕ್ಕೆ ಏನಾದರೂ ಕೊಡಲೇಬೇಕು. ನನಗರಿವಿಲ್ಲದೆ ಕೈ ಜೇಬಿಗೆ ಹೋಯಿತು.

ಗಿರಿಜ ನನ್ನ ಕೈ ಹಿಡಿದು ಹೊರಗೆಳೆದಳು.

"ಬೇಡ," ಎಂದಳು. "ಎಲ್ಲ ಸೇರಿದೆ."